ಪರದೇಶಪ್ರಯಾಣವೂ ಮಕ್ಕಳ ವಿದ್ಯಾಭ್ಯಾಸವೂ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಿಂದ ವೃದ್ಧ ರೈತರೊಬ್ಬರು ಈಚೆಗೆ ನಮ್ಮ ಕಛೇರಿಗೆ ಬಂದಿದ್ದರು. ಅವರ ಮಗ ಹಾಸನದಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಈಗ ಮೂರು ವರ್ಷಗಳ ಕರಾರಿನ ಮೇಲೆ ಜರ್ಮನಿಯ ಮ್ಯೂನಿಕ್ ನಗರಕ್ಕೆ ಸಂಸಾರಸಮೇತರಾಗಿ ಹೊರಡಲು ಸಿದ್ಧರಾಗಿದ್ದಾರೆ. ಮೊಮ್ಮಗನಿಗೆ ಹದಿನೈದು ವರ್ಷ, ಹತ್ತನೆಯ ತರಗತಿ. ಮೊಮ್ಮಗಳಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಮುದುಕರು ನಮ್ಮನ್ನು ಕೇಳಿದುದಿಷ್ಟೇ: “ಸ್ವಾಮಿ, ಹುಡುಗನಿಗೆ ಸಂಬಳ ಎಷ್ಟು ಅಂತ ಊರೆಲ್ಲಾ ಕೇಳ್ತಾರೆ. ಮಕ್ಕಳು ಅಲ್ಲಿ ಯಾವ ಕ್ಲಾಸಿನಲ್ಲಿ ಕೂತ್ಕೋತಾರೆ ಅಂತ ಹೇಳೋರು ಒಬ್ಬರೂ ಇಲ್ಲವಲ್ಲ!”

ಆ ದಿನ ನಮ್ಮಲ್ಲಿಯೂ ಉತ್ತರವಿರಲಿಲ್ಲ. ಪತ್ರಿಕೆಯನ್ನು ನಡೆಸತಕ್ಕವರು ತಿಳಿದಿರಬೇಕಾದ ಈ ವಿಷಯವನ್ನು ಅನಂತರ ವಿಚಾರಿಸಿ ತಿಳಿದೆವು. ತಿಳಿದುದನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹಳ್ಳಿಯ ಮಕ್ಕಳು ದೂರ ಹೋಗಿ ಮುಂದೆ ಬರುವುದು ಹರದನಹಳ್ಳಿಗೆ ಹೊಸದಲ್ಲ. 1933ರಲ್ಲಿ ಆ ಊರಿನಲ್ಲಿ ಜನಿಸಿದ ಶ್ರೀ ಎಚ್. ಡಿ. ದೇವೇಗೌಡರು ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಓದಿ 1996ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. 1960ರಲ್ಲಿ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದ ಮೇಲೆ ಈ ಜಿಲ್ಲೆಯ ತರುಣರಿಗೆ ಹೊರಗಿನ ಬಾಗಿಲುಗಳು ಇನ್ನಷ್ಟು ತೆರೆದವು. ಜರ್ಮನಿಯ ಸರ್ಕಾರದವರಂತೂ ನುರಿತ ಕೆಲಸಗಾರರಾದ ಭಾರತೀಯರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರಲ್ಲಿ ಸಾರಿದರು. ಹೊರಟವರನ್ನು ತಡೆಯಬೇಕೆಂಬ ಅಭಿಪ್ರಾಯ ನಮ್ಮದಲ್ಲ. ಆದರೆ ಒಬ್ಬಂಟಿಯಾದ ತರುಣನು ಹೊರಡುವುದು ಬೇರೆ, ಮಕ್ಕಳ ಕೈಹಿಡಿದು ಗೃಹಸ್ಥನು ಹೊರಡುವುದು ಬೇರೆ.

ಮೊದಲು ತಿಳಿಯಬೇಕಾದುದೇನೆಂದರೆ, ಜರ್ಮನಿಯಲ್ಲಿ ದೇಶಕ್ಕೆಲ್ಲಾ ಒಂದೇ ಶಾಲಾಪದ್ಧತಿಯೆಂಬುದಿಲ್ಲ. ಅಲ್ಲಿ ಹದಿನಾರು ರಾಜ್ಯಗಳಿವೆ. ವಿದ್ಯಾಭ್ಯಾಸವು ಆಯಾ ರಾಜ್ಯದ ಅಧೀನ. ಮ್ಯೂನಿಕ್ ನಗರವಿರುವ ಬವೇರಿಯಾ ರಾಜ್ಯದಲ್ಲಿ ಪ್ರಾಥಮಿಕ ಶಾಲೆಯು ನಾಲ್ಕೇ ವರ್ಷ. ಹತ್ತು ವರ್ಷದ ಮಗು ನಾಲ್ಕನೆಯ ತರಗತಿಯನ್ನು ದಾಟುವಾಗಲೇ ಮೂರು ದಾರಿಗಳು ಒಡೆಯುತ್ತವೆ. ಒಂದನೆಯದು ವಿಶ್ವವಿದ್ಯಾನಿಲಯದತ್ತ ನೇರವಾಗಿ ಒಯ್ಯುವ ಗಿಮ್ನಾಸಿಯಂ. ಹೆಸರನ್ನು ಕೇಳಿ ಗರಡಿಯ ಮನೆಯೆಂದು ತಿಳಿಯಬಾರದು. ಎರಡನೆಯದು ರೆಯಾಲ್‌ಶೂಲೆ, ಮೂರನೆಯದು ಕಸುಬಿನ ಶಿಕ್ಷಣದತ್ತ ಹೆಚ್ಚಾಗಿ ತಿರುಗುವ ಮಿಟ್ಟೆಲ್‌ಶೂಲೆ. ಗಿಮ್ನಾಸಿಯಂ ಸೇರಬೇಕಾದರೆ ಜರ್ಮನ್ ಭಾಷೆ, ಗಣಿತ, ಪರಿಸರಪಾಠ ಈ ಮೂರರಲ್ಲಿಯೂ ಬಂದ ಅಂಕಗಳ ಸರಾಸರಿಯು 2.33ನ್ನು ಮೀರಬಾರದು. ಅಲ್ಲಿ 1 ಎಂಬುದು ಅತ್ಯುತ್ತಮ, 6 ಎಂಬುದು ಕನಿಷ್ಠ. ನೂರಕ್ಕೆ ತೊಂಬತ್ತೆಂದು ಎಣಿಸುವ ನಮ್ಮವರಿಗೆ ಇದೇ ಒಂದು ತಲೆಕೆಳಗಾದ ಲೆಕ್ಕ.

ಈಗ ಆ ಒಂಬತ್ತು ವರ್ಷದ ಬಾಲಿಕೆಯ ಸ್ಥಿತಿಯನ್ನು ಯೋಚಿಸಿರಿ. ಜರ್ಮನ್ ಭಾಷೆಯ ಒಂದಕ್ಷರವನ್ನೂ ಅರಿಯದೆ ಅವಳು ಆ ಕವಲುದಾರಿಯ ಬಾಯಿಗೇ ಹೋಗಿ ನಿಲ್ಲುತ್ತಾಳೆ. ಅನ್ಯಭಾಷೆಯ ಮಕ್ಕಳಿಗೆ ಭಾಷೆ ಕಲಿಸುವ ತರಗತಿಗಳೂ, ನಿಯಮಗಳಲ್ಲಿ ಕೊಂಚ ಸಡಿಲವೂ ಉಂಟು. ಒಂದು ದಾರಿಯಿಂದ ಇನ್ನೊಂದಕ್ಕೆ ಮುಂದೆ ಬದಲಾಯಿಸುವುದೂ ಸಾಧ್ಯ. ಆದರೂ ಭಾಷೆ ಬಾರದುದರಿಂದಾದ ಹಿಂಜರಿತವನ್ನು ಬುದ್ಧಿಯ ಕೊರತೆಯೆಂದು ಎಣಿಸುವ ಅಪಾಯವು ಇದ್ದೇ ಇದೆ. ತಂದೆಯ ಕೆಲಸವು ಬರ್ಲಿನ್ನಿನಲ್ಲಾಗಿದ್ದರೆ ಅದೇ ಬಾಲಿಕೆಗೆ ಎರಡು ವರ್ಷಗಳ ಅವಕಾಶವಿರುತ್ತಿತ್ತು; ಏಕೆಂದರೆ ಅಲ್ಲಿ ಪ್ರಾಥಮಿಕ ಶಾಲೆಯು ಆರು ವರ್ಷ. ಒಂದೇ ದೇಶ, ಒಂದೇ ಮಗು. ಊರು ಬೇರೆಯಾದುದರಿಂದ ಬಾಳಿನ ದಾರಿಯೇ ಬೇರೆಯಾಗಬಹುದು. ಇದನ್ನು ಕರಾರಿಗೆ ಸಹಿ ಹಾಕುವ ಮುನ್ನ ತಿಳಿದರೆ ಪ್ರಯೋಜನ; ಸಾಮಾನು ಕಟ್ಟಿದ ಮೇಲೆ ತಿಳಿದರೆ ಪಶ್ಚಾತ್ತಾಪ ಮಾತ್ರ.

ಹುಡುಗನ ವಿಚಾರವು ಇನ್ನೂ ಸೂಕ್ಷ್ಮವಾದುದು. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕಟ್ಟದೆ ವರ್ಷದ ನಡುವೆ ಹೊರಟರೆ ಅವನ ಕೈಯಲ್ಲಿ ಇಲ್ಲಿನ ಪ್ರಮಾಣಪತ್ರವೂ ಇಲ್ಲ, ಅಲ್ಲಿನದೂ ಇಲ್ಲ. ಮನೆಯಲ್ಲಿಯೇ ಕೂರಿಸಿ ಇಲ್ಲಿನ ಪಾಠವನ್ನು ಅಂತರ್ಜಾಲದ ಮೂಲಕ ಓದಿಸುತ್ತೇವೆಂದು ಕೆಲವರು ಹೇಳುವುದುಂಟು. ಶಾಲೆಗೆ ಹೋಗುವುದು ಕಡ್ಡಾಯವಾಗಿರುವ ಜರ್ಮನಿಯಲ್ಲಿ ಶಾಲೆಯ ಬದಲಿಗೆ ಮನೆಪಾಠವೆಂಬುದು ನಡೆಯದು. ಸರ್ಕಾರದ ಶಾಲೆಗಳಲ್ಲಿ ಶುಲ್ಕವಿಲ್ಲ, ನಿಜ. ಆದರೆ ಪಾಠವೆಲ್ಲವೂ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಕಲಿಸುವ ಖಾಸಗಿ ಅಂತರರಾಷ್ಟ್ರೀಯ ಶಾಲೆಗಳ ಶುಲ್ಕವು ಸಂಬಳದ ದೊಡ್ಡ ಭಾಗವನ್ನೇ ನುಂಗುವಂಥಾದ್ದು. ಇಲ್ಲಿನ ಹನ್ನೆರಡನೆಯ ತರಗತಿಯ ತೇರ್ಗಡೆಯೊಂದರಿಂದಲೇ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ನೇರ ಪ್ರವೇಶವು ಸಾಮಾನ್ಯವಾಗಿ ದೊರೆಯುವುದಿಲ್ಲವೆಂಬುದನ್ನೂ ಮರೆಯಲಾಗದು.

ಇತರ ದೇಶಗಳಿಗೆ ಹೋಗುವವರೂ ಇದೇ ಬಗೆಯ ವಿಚಾರಣೆಯನ್ನು ಮಾಡತಕ್ಕದ್ದು. ಇಂಗ್ಲೆಂಡಿನಲ್ಲಿ ಪ್ರೌಢಶಾಲೆಯ ಪ್ರವೇಶಕ್ಕೆ ಹಿಂದಿನ ವರ್ಷದ ಅಕ್ಟೋಬರ್ 31ರೊಳಗೆ ಅರ್ಜಿ ಸಲ್ಲಬೇಕು. ಹದಿನಾರರ ವಯಸ್ಸಿನಲ್ಲಿ ಕೊಡುವ ಜಿ.ಸಿ.ಎಸ್.ಇ. ಪರೀಕ್ಷೆಯ ಪಾಠವು ಸಾಮಾನ್ಯವಾಗಿ ಎರಡು ವರ್ಷದ್ದಾದುದರಿಂದ ನಡುವೆ ಬಂದ ವಿದ್ಯಾರ್ಥಿಗೆ ತೊಡಕು. ಅಮೆರಿಕಾದಲ್ಲಿ ಮನೆಯ ವಿಳಾಸವೇ ಬಹುಮಟ್ಟಿಗೆ ಶಾಲೆಯನ್ನು ಗೊತ್ತುಮಾಡುತ್ತದೆ. ಶಾಲೆಯ ಹಣದಲ್ಲಿ ದೊಡ್ಡ ಪಾಲು ಆ ಪ್ರದೇಶದ ಆಸ್ತಿತೆರಿಗೆಯದು. ಆದುದರಿಂದ ಬಾಡಿಗೆ ಅಗ್ಗವೆಂದು ಮನೆ ಹಿಡಿದವನು ತಿಳಿಯದೆಯೇ ಶಾಲೆಯನ್ನೂ ಹಿಡಿದಿರುತ್ತಾನೆ. ದುಬೈ ಮೊದಲಾದ ಕಡೆಗಳಲ್ಲಿ ನಮ್ಮವರ ಮಕ್ಕಳು ಓದುವುದು ಶುಲ್ಕದ ಖಾಸಗಿ ಶಾಲೆಗಳಲ್ಲಿ. ಅವುಗಳಲ್ಲಿ ಭಾರತದ ಪಠ್ಯಕ್ರಮವುಳ್ಳವೂ ಅನೇಕ.

ಹೋಗುವ ದಾರಿಯನ್ನು ಕೇಳಿದವನು ಬರುವ ದಾರಿಯನ್ನೂ ಕೇಳಬೇಕು. ಕರಾರು ಮೂರು ವರ್ಷದ್ದು. ಮಗುವಿನ ವಿದ್ಯೆ ಹನ್ನೆರಡು ವರ್ಷದ್ದು. ಹಿಂದಿರುಗಿದ ಮಗುವನ್ನು ನೇರವಾಗಿ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಗೆ ಸೇರಿಸುವುದು ಸುಲಭವಲ್ಲ. ಪರದೇಶದ ಪ್ರೌಢಶಿಕ್ಷಣದ ಪ್ರಮಾಣಪತ್ರಗಳು ಇಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಸಲ್ಲಲು ಸಮಾನತೆಯ ಒಪ್ಪಿಗೆ ಬೇಕಾಗುತ್ತದೆ. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ಇಲ್ಲಿನ ಶಾಲೆಗಳಲ್ಲಿ ಕನ್ನಡವನ್ನು ಕಲಿಯಬೇಕು. ಮೂರು ವರ್ಷ ಕನ್ನಡದ ಅಕ್ಷರವನ್ನೇ ಕಾಣದ ಮಗು ಆಗ ತನ್ನ ನಾಡಿನಲ್ಲಿಯೇ ಪರದೇಶಿಯಾಗುತ್ತದೆ. ದಿನಕ್ಕೆ ಅರ್ಧಗಂಟೆ ಕನ್ನಡವನ್ನು ಓದಿಸಿ ಬರೆಯಿಸುವುದು ಯಾವ ದೇಶದಲ್ಲಿಯೂ ಅಸಾಧ್ಯವಲ್ಲ.

ಆ ಜರ್ಮನಿಯಿಂದಲೇ ನಮ್ಮಲ್ಲಿಗೆ ಬಂದವರ ಉದಾಹರಣೆಯೊಂದು ನಮ್ಮ ಮುಂದಿದೆ. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗರು ಏಳೇ ವರ್ಷಗಳಲ್ಲಿ, ಎಂದರೆ 1843ರಲ್ಲಿ, ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಪ್ರಕಟವಾಯಿತು. ಅವರು ಬಂದ ಉದ್ದೇಶವು ಏನೇ ಇರಲಿ, ತಾವು ಬಾಳಬೇಕಾದ ನಾಡಿನ ನುಡಿಯನ್ನು ಕಲಿತೇ ಅವರು ಕೆಲಸ ನಡೆಸಿದರು. ಅವರ ದೇಶಕ್ಕೆ ಹೊರಟ ನಾವು ಮಕ್ಕಳಿಗೆ ಆರು ತಿಂಗಳ ಭಾಷಾಪಾಠವನ್ನೂ ಕೊಡಿಸದೆ ವಿಮಾನ ಹತ್ತಿಸುವುದು ಸರಿಯೇ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುವ ತರಗತಿಗಳು ನಡೆಯುತ್ತಲೇ ಇವೆ.

ಹೊಣೆಯು ತಂದೆತಾಯಿಗಳೊಬ್ಬರದೇ ಅಲ್ಲ. ಕೆಲಸಗಾರನನ್ನು ಕಳುಹಿಸುವ ಸಂಸ್ಥೆಗಳು ಮನೆಬಾಡಿಗೆಯನ್ನೂ ವಿಮಾನದ ಚೀಟಿಯನ್ನೂ ಕೊಡುವಂತೆಯೇ ಮಕ್ಕಳ ತರಗತಿಯ ವಿಚಾರವನ್ನೂ ಲಿಖಿತವಾಗಿ ತಿಳಿಸಬೇಕು. ಹೊರಡುವ ತಿಂಗಳನ್ನು ಶಾಲೆಯ ವರ್ಷಕ್ಕೆ ಹೊಂದಿಸಬೇಕು. ಅನಿವಾಸಿ ಕನ್ನಡಿಗರ ಕ್ಷೇಮಕ್ಕಾಗಿ ನಮ್ಮ ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿಯಿದೆ. ಅವರೂ ವಿದ್ಯಾ ಇಲಾಖೆಯವರೂ ಕೂಡಿ, ನಮ್ಮವರು ಹೆಚ್ಚಾಗಿ ಹೋಗುವ ದೇಶಗಳ ಶಾಲಾಪದ್ಧತಿಯನ್ನು ತಿಳಿಸುವ ಕನ್ನಡದ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ಜಿಲ್ಲೆಯ ಉಪನಿರ್ದೇಶಕರ ಕಛೇರಿಗಳಲ್ಲಿ ದೊರೆಯುವಂತೆ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಹೊಳೆನರಸೀಪುರದ ಅಜ್ಜನೂ ಓದಿ ತಿಳಿಯುವಂತೆ ಅದು ಇರತಕ್ಕದ್ದು.

ನಾವು ತಿಳಿದುದನ್ನು ಆ ವೃದ್ಧರಿಗೂ ಹೇಳಿದೆವು. ಮಗನು ಮೊದಲು ತಾನೊಬ್ಬನೇ ಹೋಗಿ ಶಾಲೆಗಳನ್ನು ಕಂಡು ವಿಚಾರಿಸುವುದೆಂದೂ, ಹುಡುಗನ ಪರೀಕ್ಷೆ ಮುಗಿಯುವವರೆಗೆ ತಾಯಿಮಕ್ಕಳು ಇಲ್ಲಿಯೇ ಇದ್ದು ಜರ್ಮನ್ ಕಲಿಯುವುದೆಂದೂ ಆ ಮನೆಯಲ್ಲಿ ತೀರ್ಮಾನವಾಗಿದೆಯಂತೆ. ಕೆಲವು ತಿಂಗಳ ಅಗಲಿಕೆ ಕಷ್ಟವೇ. ಆದರೆ ಅದು ದೊಡ್ಡವರು ಹೊರುವ ಕಷ್ಟ. ತಿಳಿಯದೆ ಹೊರಟಿದ್ದರೆ ಅದನ್ನು ಹೊರಬೇಕಾಗಿದ್ದವರು ಮಕ್ಕಳು.