ಗೆಲ್ಲುವ ಕುದುರೆಯೋ, ಮನಸ್ಸು ಒಪ್ಪಿದವರೋ?

ಚುನಾವಣೆ ಸಮೀಪಿಸಿದಾಗಲೆಲ್ಲ ಕರ್ನಾಟಕದ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಮಾತೊಂದಿದೆ: ‘ಗೆಲ್ಲುವ ಕುದುರೆ’. ಅಭ್ಯರ್ಥಿ ಯೋಗ್ಯನೇ, ಕ್ಷೇತ್ರಕ್ಕಾಗಿ ದುಡಿದವನೇ ಎಂಬ ಪ್ರಶ್ನೆಗಳು ಹಿಂದೆ ಸರಿದು, ಗೆಲ್ಲಬಲ್ಲನೇ ಎಂಬ ಒಂದೇ ಪ್ರಶ್ನೆ ಮುಂದೆ ಬರುತ್ತದೆ. ಆ ಲೆಕ್ಕ ನಡೆಯುವುದು ಬೆಂಗಳೂರು ಅಥವಾ ದೆಹಲಿಯ ಮುಚ್ಚಿದ ಕೋಣೆಗಳಲ್ಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಯು ಲಕ್ಷ್ಮಣ ಸವದಿ ಮತ್ತು ಜಗದೀಶ ಶೆಟ್ಟರ್ ಇಬ್ಬರಿಗೂ ಟಿಕೆಟ್ ನಿರಾಕರಿಸಿತು. ಇಬ್ಬರೂ ಕಾಂಗ್ರೆಸ್ ಸೇರಿ ಕಣಕ್ಕಿಳಿದರು. ಅಥಣಿಯಲ್ಲಿ ಸವದಿ 75 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದಲ್ಲಿ ಶೆಟ್ಟರ್ ಸೋತರು. ಪಕ್ಷದ ಎಣಿಕೆ ಒಂದೆಡೆ ತಪ್ಪಿತು, ಇನ್ನೊಂದೆಡೆ ನಿಜವಾಯಿತು. ಎರಡೂ ಕಡೆ ಮತದಾರನಿಗೆ ಆ ಎಣಿಕೆಯಲ್ಲಿ ಪಾಲಿರಲಿಲ್ಲ.

ಅಮೆರಿಕದಲ್ಲಿ ಈ ಎಣಿಕೆಯ ಹೊರೆ ಮತದಾರನ ಹೆಗಲಿಗೇ ಬೀಳುತ್ತದೆ. ನವೆಂಬರಿನ ಮುಖ್ಯ ಚುನಾವಣೆಗೆ ಪಕ್ಷದ ಹುರಿಯಾಳು ಯಾರೆಂಬುದನ್ನು ಅದಕ್ಕೆ ಮೊದಲೇ ನಡೆಯುವ ಪ್ರೈಮರಿ, ಅಂದರೆ ಪ್ರಾಥಮಿಕ ಚುನಾವಣೆಯಲ್ಲಿ, ಪಕ್ಷದ ಮತದಾರರೇ ತೀರ್ಮಾನಿಸುತ್ತಾರೆ. ಆದ್ದರಿಂದ ‘ನನಗೆ ಯಾರು ಇಷ್ಟ’ ಮತ್ತು ‘ಯಾರು ಗೆಲ್ಲಬಲ್ಲರು’ ಎಂಬ ಎರಡು ಪ್ರಶ್ನೆಗಳು ಒಂದೇ ಮತಪತ್ರದ ಮೇಲೆ ಒಟ್ಟಿಗೆ ಬಂದು ಕುಳಿತುಕೊಳ್ಳುತ್ತವೆ. ಎರಡಕ್ಕೂ ಒಂದೇ ಉತ್ತರವಿದ್ದರೆ ತೊಡಕಿಲ್ಲ. ಬೇರೆ ಬೇರೆಯಾದಾಗ ಏನು ಮಾಡಬೇಕು? 2025ರ ಜೂನ್ ತಿಂಗಳಲ್ಲಿ, ಹಡ್ಸನ್ ನದಿಯ ಎರಡು ದಡಗಳಲ್ಲಿ, ಎರಡು ವಾರಗಳ ಅಂತರದಲ್ಲಿ ನಡೆದ ಎರಡು ಪ್ರೈಮರಿಗಳು ಈ ಪ್ರಶ್ನೆಯನ್ನು ಇಲ್ಲಿನ ಕನ್ನಡ ಕುಟುಂಬಗಳ ಮುಂದೆ ನೇರವಾಗಿ ಇಟ್ಟವು.

ಮೊದಲು ನ್ಯೂಜೆರ್ಸಿಯನ್ನು ನೋಡೋಣ. ಎರಡು ಅವಧಿ ಪೂರೈಸಿದ ಗವರ್ನರ್ ಫಿಲ್ ಮರ್ಫಿ ಮತ್ತೆ ಸ್ಪರ್ಧಿಸುವಂತಿರಲಿಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಆರು ಮಂದಿ ಕಣದಲ್ಲಿದ್ದರು: ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಸಂಸದೆ ಮಿಕಿ ಶೆರಿಲ್, ನೂಅರ್ಕ್ ನಗರದ ಮೇಯರ್ ರಾಸ್ ಬರಾಕಾ, ಜೆರ್ಸಿ ಸಿಟಿಯ ಮೇಯರ್ ಸ್ಟೀವನ್ ಫುಲಪ್, ಸಂಸದ ಜಾಶ್ ಗಾಟ್‌ಹೈಮರ್, ಶಿಕ್ಷಕರ ಸಂಘದ ಅಧ್ಯಕ್ಷ ಶಾನ್ ಸ್ಪಿಲ್ಲರ್ ಮತ್ತು ರಾಜ್ಯ ಸೆನೆಟ್ಟಿನ ಮಾಜಿ ಅಧ್ಯಕ್ಷ ಸ್ಟೀವ್ ಸ್ವೀನಿ. ಎದುರಾಳಿ ಪಾಳೆಯದಲ್ಲಿದ್ದವರು ಜಾಕ್ ಚಿಟರೆಲಿ. 2021ರಲ್ಲಿ ಇದೇ ಚಿಟರೆಲಿ ಮರ್ಫಿಯವರ ಎದುರು ಸೋತದ್ದು ಸುಮಾರು ಶೇ 3ರ ಅಂತರದಿಂದ ಮಾತ್ರ. ಡೆಮಾಕ್ರಟಿಕ್ ಪಕ್ಷದ ಕೋಟೆ ಎನಿಸಿದ್ದ ರಾಜ್ಯದಲ್ಲಿ 2020ರಲ್ಲಿ ಶೇ 16ರಷ್ಟಿದ್ದ ಆ ಪಕ್ಷದ ಮುನ್ನಡೆ 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಶೇ 6ಕ್ಕೆ ಕುಸಿದಿತ್ತು. ಇದಲ್ಲದೆ 1961ರ ನಂತರ ಅಲ್ಲಿ ಯಾವ ಪಕ್ಷವೂ ಗವರ್ನರ್ ಗದ್ದುಗೆಯನ್ನು ಸತತ ಮೂರನೆಯ ಬಾರಿ ಗೆದ್ದಿರಲಿಲ್ಲ. ಭಯಕ್ಕೆ ಕಾರಣಗಳಿದ್ದವು.

ಈ ಭಯ ಎಡಿಸನ್, ಐಸಲಿನ್, ಪ್ಲೇನ್ಸ್‌ಬರೋಗಳ ಮನೆಗಳಲ್ಲಿ ಮಾತಾಗಿ ಹೊಮ್ಮಿತು. ಬರಾಕಾ ಅವರ ನೇರ ನಡೆ ಹಲವರಿಗೆ ಮೆಚ್ಚುಗೆಯಾಗಿತ್ತು. ವಲಸಿಗರ ಬಂಧನ ಕೇಂದ್ರದ ಮುಂದೆ ಅವರನ್ನು ಮೇ 9ರಂದು ಬಂಧಿಸಲಾಗಿತ್ತು, ಆರೋಪವನ್ನು ಬಳಿಕ ಕೈಬಿಡಲಾಯಿತು. ಫುಲಪ್ ಅವರ ವಸತಿ ಮತ್ತು ಸಾರಿಗೆ ಯೋಜನೆಗಳನ್ನು ಒಪ್ಪಿದವರೂ ಇದ್ದರು. ಆದರೆ ಮಾತಿನ ಕೊನೆಗೆ ಒಂದು ‘ಆದರೆ’ ಬಂದೇ ಬರುತ್ತಿತ್ತು: ‘ಆದರೆ ನವೆಂಬರಿನಲ್ಲಿ ಇವರು ಗೆಲ್ಲುತ್ತಾರೆಯೇ?’ ಆ ತಿಂಗಳೇ ವಿದ್ಯುತ್ ದರ ಶೇ 17ರಿಂದ 20ರಷ್ಟು ಏರಿತ್ತು. ಮನೆ ತೆರಿಗೆಯ ಹೊರೆಯಂತೂ ಈ ರಾಜ್ಯದಲ್ಲಿ ಹೆಸರುವಾಸಿ. ಗವರ್ನರ್ ಯಾರೆಂಬುದು ತಿಂಗಳ ಖರ್ಚಿನ ಪಟ್ಟಿಯನ್ನೇ ಮುಟ್ಟುವ ವಿಷಯವಾಗಿತ್ತು.

ಜೂನ್ 10ರಂದು ಶೆರಿಲ್ ಸುಮಾರು ಶೇ 34ರಷ್ಟು ಮತ ಪಡೆದು ಹುರಿಯಾಳಾದರು. ಬರಾಕಾ ಸುಮಾರು ಶೇ 20ರೊಂದಿಗೆ ಎರಡನೆಯವರಾದರು. ಇಲ್ಲಿ ಒಬ್ಬರಿಗೆ ಒಂದೇ ಮತ. ಅತಿ ಹೆಚ್ಚು ಪಡೆದವರು ಗೆದ್ದಂತೆ, ಅರ್ಧ ದಾಟಬೇಕಿಲ್ಲ. ಪ್ರೈಮರಿಯಲ್ಲಿ ಮತ ಹಾಕಿದ ಮೂವರಲ್ಲಿ ಇಬ್ಬರ ಮೊದಲ ಆಯ್ಕೆ ಅವರಾಗಿರಲಿಲ್ಲ ಎಂಬುದನ್ನೂ, ನವೆಂಬರ್ 4ರಂದು ಅವರು ಶೇ 56ಕ್ಕೂ ಹೆಚ್ಚು ಮತಗಳೊಂದಿಗೆ ಸುಲಭವಾಗಿ ಗೆದ್ದರೆಂಬುದನ್ನೂ ಒಟ್ಟಿಗೆ ನೆನಪಿಡಬೇಕು.

ಇನ್ನು ನದಿಯ ಆಚೆ ದಡ. ನ್ಯೂಯಾರ್ಕ್ ನಗರದ ಮೇಯರ್ ಹುದ್ದೆಗೆ ಜೂನ್ 24ರಂದು ಪ್ರೈಮರಿ. ಮಾಜಿ ಗವರ್ನರ್ ಆಂಡ್ರೂ ಕುವೊಮೊ ಸಮೀಕ್ಷೆಗಳಲ್ಲಿ ತಿಂಗಳುಗಟ್ಟಲೆ ಮುಂದಿದ್ದರು. ಲೈಂಗಿಕ ಕಿರುಕುಳದ ಆರೋಪಗಳ ಹಿನ್ನೆಲೆಯಲ್ಲಿ 2021ರಲ್ಲಿ ರಾಜೀನಾಮೆ ಕೊಟ್ಟಿದ್ದ ಅವರು ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿದ್ದರು. ‘ಇಷ್ಟವಿರಲಿ ಬಿಡಲಿ, ಗೆಲ್ಲುವವರು ಇವರೇ’ ಎಂಬ ಭಾವನೆ ಅವರ ದೊಡ್ಡ ಬಂಡವಾಳವಾಗಿತ್ತು. ವರ್ಷದ ಆರಂಭದ ಸಮೀಕ್ಷೆಗಳಲ್ಲಿ ಒಂದಂಕಿ ದಾಟದಿದ್ದವರು ಜೊಹ್ರಾನ್ ಮಮ್ದಾನಿ: 33 ವರ್ಷ, ಹುಟ್ಟಿದ್ದು ಉಗಾಂಡದ ಕಂಪಾಲಾದಲ್ಲಿ, ತಾಯಿ ಚಲನಚಿತ್ರ ನಿರ್ದೇಶಕಿ ಮೀರಾ ನಾಯರ್. ಸಮಾಜವಾದಿ, ಮುಸ್ಲಿಂ, ಅನುಭವ ಕಡಿಮೆ. ‘ಗೆಲ್ಲಲಾರದವರು’ ಎಂಬ ಪಟ್ಟಿಗೆ ಸೇರಿಸಲು ಬೇಕಾದ ಎಲ್ಲ ಲಕ್ಷಣಗಳನ್ನೂ ಅವರ ಮೇಲೆ ಆಗಲೇ ಬರೆಯಲಾಗಿತ್ತು. ಅವರೇ ಪ್ರೈಮರಿ ಗೆದ್ದರು. ಕುವೊಮೊ, ನಮ್ಮ ಬಂಡಾಯ ಅಭ್ಯರ್ಥಿಗಳಂತೆ, ಪಕ್ಷೇತರರಾಗಿ ನವೆಂಬರಿನಲ್ಲಿ ಮತ್ತೆ ನಿಂತರು. ಆಗಲೂ ಮಮ್ದಾನಿ ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದು ಗೆದ್ದರು.

ಇದನ್ನು ನೋಡಿ ‘ನದಿಯ ಈಚೆಗೆ ಲೆಕ್ಕಾಚಾರ ಗೆದ್ದಿತು, ಆಚೆಗೆ ಹೃದಯ ಗೆದ್ದಿತು’ ಎಂದು ಷರಾ ಬರೆಯುವುದು ಸುಲಭ. ಆದರೆ ಎರಡು ದಡಗಳ ಮತದಾರರು ಬೇರೆ ಜಾತಿಯ ಮನುಷ್ಯರಲ್ಲ. ಬೇರೆಯಾಗಿದ್ದದ್ದು ಮತ ಎಣಿಸುವ ವಿಧಾನ. ನ್ಯೂಯಾರ್ಕ್ ನಗರದ ಮತದಾರರು 2019ರ ಜನಮತಗಣನೆಯಲ್ಲಿ ಶ್ರೇಯಾಂಕ ಮತದಾನವನ್ನು ಒಪ್ಪಿಕೊಂಡರು. ಪ್ರೈಮರಿಯಲ್ಲಿ ಐವರವರೆಗೆ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಗುರುತಿಸಬಹುದು. ಮೊದಲ ಆಯ್ಕೆಯವರು ಕಣದಿಂದ ಹೊರಬಿದ್ದರೆ ಆ ಮತ ಮುಂದಿನ ಆಯ್ಕೆಗೆ ಹೋಗುತ್ತದೆ. ‘ನನ್ನ ವೋಟು ಹಾಳಾಯಿತು’ ಎಂಬ ನಮ್ಮೂರಿನ ಹಳೆಯ ಅಳಲಿಗೆ ಇಲ್ಲಿ ಒಂದು ಮದ್ದು ಸಿಕ್ಕಿತು. ಲೆಕ್ಕಪತ್ರಗಳ ಮುಖ್ಯಸ್ಥರಾಗಿದ್ದ ಬ್ರಾಡ್ ಲ್ಯಾಂಡರ್ ಅವರನ್ನು ಮೆಚ್ಚಿದವರು ನಿಶ್ಚಿಂತೆಯಿಂದ ಅವರಿಗೆ ಮೊದಲ ಸ್ಥಾನ ಕೊಟ್ಟು, ಮಮ್ದಾನಿಗೆ ಎರಡನೆಯ ಸ್ಥಾನ ಕೊಡಬಹುದಾಗಿತ್ತು. ಪ್ರತಿಸ್ಪರ್ಧಿಗಳಾದ ಅವರಿಬ್ಬರೇ ಪರಸ್ಪರರನ್ನು ಎರಡನೆಯ ಆಯ್ಕೆಯಾಗಿ ಶಿಫಾರಸು ಮಾಡಿದರು. ಕೊನೆಯ ಸುತ್ತಿನಲ್ಲಿ ಮಮ್ದಾನಿಗೆ ಸುಮಾರು ಶೇ 56 ಮತಗಳು ಬಂದವು.

ಮದ್ದನ್ನು ಸರಿಯಾಗಿ ತೆಗೆದುಕೊಳ್ಳದಿದ್ದರೆ ಫಲವಿಲ್ಲ ಎಂಬುದಕ್ಕೂ ನಿದರ್ಶನವಿದೆ. ಇದೇ ನಗರದ 2021ರ ಪ್ರೈಮರಿಯಲ್ಲಿ ಎರಿಕ್ ಆಡಮ್ಸ್ ಅವರು ಕ್ಯಾಥರಿನ್ ಗಾರ್ಸಿಯಾ ಅವರನ್ನು ಸೋಲಿಸಿದ್ದು ಕೇವಲ 7,197 ಮತಗಳಿಂದ. ಈ ಇಬ್ಬರಲ್ಲಿ ಯಾರ ಹೆಸರನ್ನೂ ಗುರುತಿಸದೆ ಕೊನೆಯ ಸುತ್ತಿಗೆ ಬರುವ ಮೊದಲೇ ಬರಿದಾದ ಮತಪತ್ರಗಳು ಸುಮಾರು 1 ಲಕ್ಷ 40 ಸಾವಿರ. ಮೆಚ್ಚಿದವರಿಗೆ ಮೊದಲ ಸ್ಥಾನ ಕೊಟ್ಟ ಮೇಲೂ, ಉಳಿದವರಲ್ಲಿ ಯಾರು ವಾಸಿ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಮುಗಿಯುವುದಿಲ್ಲ.

ನ್ಯೂಜೆರ್ಸಿಯ ಮತದಾರನಿಗೆ ಈ ಸೌಲಭ್ಯವಿರಲಿಲ್ಲ. ಆತ ಒಂದೇ ಗುರುತಿನಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಆದರೂ ಹಿಂದಿನ ಸ್ಥಿತಿಗಿಂತ ಅದು ಮೇಲಾಗಿತ್ತು. ಮುಚ್ಚಿದ ಕೋಣೆ ಅಲ್ಲಿಯೂ ಇತ್ತು: ಕೌಂಟಿಯ ಪಕ್ಷದ ಮುಖಂಡರು ಒಪ್ಪಿದ ಹೆಸರುಗಳೆಲ್ಲ ಮತಪತ್ರದಲ್ಲಿ ಒಂದೇ ಸಾಲಿನಲ್ಲಿ ಎದ್ದು ಕಾಣುವಂತೆ ಮುದ್ರಣವಾಗುತ್ತಿದ್ದವು; ಉಳಿದವರು ಮೂಲೆಗೆ ಸರಿಯುತ್ತಿದ್ದರು. ಆಂಡಿ ಕಿಮ್ ಹೂಡಿದ ದಾವೆಯಲ್ಲಿ 2024ರ ಮಾರ್ಚ್ ತಿಂಗಳಲ್ಲಿ ಫೆಡರಲ್ ನ್ಯಾಯಾಲಯ ಇದಕ್ಕೆ ತಡೆ ನೀಡಿತು. ಆ ಸಾಲು ಇಲ್ಲದೆ ನಡೆದ ಮೊದಲ ಗವರ್ನರ್ ಪ್ರೈಮರಿಯೇ 2025ರದ್ದು.

ಹಾಗಾದರೆ ಗೆಲುವಿನ ಲೆಕ್ಕ ಹಾಕುವುದು ತಪ್ಪೇ? ತಪ್ಪಲ್ಲ. ಒಲವನ್ನೇ ನೆಚ್ಚಿ ಮತಗಳು ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರ ಗೆಲುವೇ ಒಂದು ಪಾಠ. 2022ರಲ್ಲಿ ಡೆಟ್ರಾಯಿಟ್ ಭಾಗದ ಸಂಸತ್ ಸ್ಥಾನದ ಪ್ರೈಮರಿಯಲ್ಲಿ ಒಂಬತ್ತು ಮಂದಿ ಇದ್ದರು. ಥಾಣೇದಾರ್ ಅವರಿಗೆ ಸುಮಾರು ಶೇ 28 ಮತಗಳೇ ಸಾಕಾದವು. ನಮ್ಮವರೊಬ್ಬರು ಸಂಸತ್ತಿಗೆ ಹೋದರೆಂದು ನಾವು ಸಂತೋಷಪಟ್ಟೆವು. ಬೇರೆ ಅಭ್ಯರ್ಥಿಗಳನ್ನು ಬಯಸಿ ಚದುರಿಹೋದ ಉಳಿದ ಶೇ 72ರ ಕಡೆಯಿಂದ ನೋಡಿದರೆ ಅದೇ ಫಲಿತಾಂಶದ ಅರ್ಥ ಬೇರೆ.

ಆದರೆ ‘ಗೆಲ್ಲಬಲ್ಲವರು’ ಎಂಬ ಮಾತಿನ ಒಳಗೆ ಏನಿದೆ ಎಂಬುದನ್ನು ಬಿಡಿಸಿ ನೋಡಬೇಕು. ಅದು ಅಭ್ಯರ್ಥಿಯ ಗುಣವನ್ನು ಹೇಳುವ ಮಾತಲ್ಲ. ನೆರೆಯವರ ಮನಸ್ಸಿನ ಬಗ್ಗೆ ನಾವು ಮಾಡುವ ಊಹೆ. ‘ನನಗೇನೂ ಅಭ್ಯಂತರವಿಲ್ಲ, ಆದರೆ ಅವರು ಒಪ್ಪಲಾರರು’ ಎನ್ನುವಾಗ ‘ಅವರ’ ಪೂರ್ವಗ್ರಹವನ್ನು ನಾವೇ ಅವರ ಪರವಾಗಿ ಜಾರಿಗೆ ತಂದಿರುತ್ತೇವೆ. ಎಲ್ಲರೂ ಹೀಗೆ ಎಣಿಸಿದರೆ, ಬಹುಮಂದಿ ಮೆಚ್ಚಿದ ಅಭ್ಯರ್ಥಿಯೇ ಯಾರ ಮತವನ್ನೂ ಪಡೆಯದೆ ಸೋಲಬಹುದು. ಆ ಊಹೆಯನ್ನು ಪರೀಕ್ಷಿಸುವ ದಾರಿಯೂ ಇಲ್ಲ. ಬರಾಕಾ ನಿಂತಿದ್ದರೆ ನವೆಂಬರಿನಲ್ಲಿ ಏನಾಗುತ್ತಿತ್ತು ಎಂಬುದಕ್ಕೆ ಶೆರಿಲ್ ಅವರ ದೊಡ್ಡ ಅಂತರವೂ ಉತ್ತರ ಕೊಡಲಾರದು.

2008ರ ಆರಂಭದವರೆಗೆ ಎಷ್ಟೋ ಕಪ್ಪು ಮತದಾರರೇ ಬರಾಕ್ ಒಬಾಮ ಅವರಿಗೆ ಬೆಂಬಲ ಕೊಡಲು ಹಿಂಜರಿದಿದ್ದರು. ಬಿಳಿಯರು ಅವರಿಗೆ ಮತ ಹಾಕಲಾರರು ಎಂಬುದು ಅನೇಕರ ಎಣಿಕೆಯಾಗಿತ್ತು. ಜನವರಿ 3ರಂದು, ಹೆಚ್ಚುಕಡಿಮೆ ಬಿಳಿಯರೇ ತುಂಬಿರುವ ಅಯೋವಾ ರಾಜ್ಯ ಒಬಾಮ ಅವರನ್ನು ಗೆಲ್ಲಿಸಿತು. ಎಣಿಕೆ ಒಂದೇ ರಾತ್ರಿಯಲ್ಲಿ ಬದಲಾಯಿತು. ಫೆಬ್ರವರಿ 5ರಂದು ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎರಡೂ ಹಿಲರಿ ಕ್ಲಿಂಟನ್ ಅವರನ್ನೇ ಆರಿಸಿದವು; ಅಧ್ಯಕ್ಷರಾದವರು ಒಬಾಮ. ನೆರೆಯವರ ಮನಸ್ಸು ಕಲ್ಲಿನಲ್ಲಿ ಕೊರೆದ ಶಾಸನವಲ್ಲ ಎಂಬುದಕ್ಕೆ ನ್ಯೂಜೆರ್ಸಿಯ ಪಸ್ಸೇಕ್ ಕೌಂಟಿಯೂ ಸಾಕ್ಷಿ: 2024ರಲ್ಲಿ ಟ್ರಂಪ್ ಕಡೆಗೆ ವಾಲಿದ್ದ ಅದು ಮರುವರ್ಷವೇ ಶೆರಿಲ್ ಅವರನ್ನು ಬೆಂಬಲಿಸಿತು.

ವಲಸೆ ಬಂದ ನಮಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಉಚ್ಚರಿಸಲು ಕಷ್ಟವಾದ ಹೆಸರು, ಬೇರೆ ಬಣ್ಣ, ಬೇರೆ ಧರ್ಮ, ನಾಲಿಗೆಯ ಮೇಲೆ ಉಳಿದ ತಾಯ್ನುಡಿಯ ಧಾಟಿ: ‘ಗೆಲ್ಲಲಾರರು’ ಎಂದು ಪಕ್ಕಕ್ಕಿಡಲು ಬಳಕೆಯಾಗುವ ಗುರುತುಗಳು ಇವೇ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ನಾಳೆ ಶಾಲಾ ಮಂಡಳಿಗೋ ನಗರಸಭೆಗೋ ನಿಂತರೆ ಮೊದಲು ಎದುರಿಸುವ ಪ್ರಶ್ನೆಯೂ ಇದೇ. ಮಮ್ದಾನಿಯವರ ನೀತಿಗಳನ್ನು ಒಪ್ಪದಿರಲು ಯಾರಿಗಾದರೂ ಸಕಾರಣಗಳಿರಬಹುದು. ಬಾಡಿಗೆ ನಿಯಂತ್ರಣ ಬೇಡವೆನ್ನುವ ಮನೆಮಾಲೀಕ ಕನ್ನಡಿಗರೂ ಇದ್ದಾರೆ. ಒಪ್ಪದೆ ಮತ ನಿರಾಕರಿಸುವುದು ನ್ಯಾಯ. ಒಪ್ಪಿಯೂ, ಇಂಥ ಹೆಸರಿನವರನ್ನು ಇತರರು ಒಪ್ಪಲಾರರೆಂದು ನಿರಾಕರಿಸುವಾಗ ಮಾತ್ರ ಎರಡು ಸಲ ಯೋಚಿಸಬೇಕು.

ಆದ್ದರಿಂದ ತೂಗುವಾಗ ಕೇಳಿಕೊಳ್ಳಬೇಕಾದುದು ಮೂರು ಪ್ರಶ್ನೆ. ಮುಖ್ಯ ಚುನಾವಣೆ ನಿಜವಾಗಿಯೂ ತುರುಸಿನದೇ? ರಿಪಬ್ಲಿಕನ್ನರಿಗಿಂತ ಡೆಮಾಕ್ರಟಿಕ್ ನೋಂದಣಿ ಸುಮಾರು ಆರು ಪಟ್ಟು ಇರುವ ನ್ಯೂಯಾರ್ಕ್ ನಗರದಲ್ಲಿ ಭಯಕ್ಕೆ ಇರುವ ಆಧಾರ ನ್ಯೂಜೆರ್ಸಿಯಲ್ಲಿ ಇರುವಷ್ಟಲ್ಲ. ಮತಪತ್ರ ಎರಡನೆಯ ಆಯ್ಕೆಗೆ ಅವಕಾಶ ಕೊಡುತ್ತದೆಯೇ? ಕೊಟ್ಟರೆ ಮೊದಲ ಸ್ಥಾನವನ್ನು ಮನಸ್ಸಿಗೇ ಬಿಡಬಹುದು. ಕೊನೆಯದಾಗಿ, ‘ಗೆಲ್ಲಲಾರರು’ ಎಂಬ ನನ್ನ ನಂಬಿಕೆಗೆ ಕಾರಣ ಅಭ್ಯರ್ಥಿಯ ಕೆಲಸ ಮತ್ತು ಕಾರ್ಯಕ್ರಮವೇ, ಇಲ್ಲವೇ ಆತನ ಹೆಸರೇ? ಮೊದಲನೆಯದಾದರೆ ಅದು ವಿವೇಕ. ಎರಡನೆಯದಾದರೆ ವಿವೇಕದ ವೇಷ ತೊಟ್ಟ ಅಂಜಿಕೆ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ಒಂದು ಎಚ್ಚರಿಕೆಯ ಮಾತು. ಎಚ್-1ಬಿ ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ಪೌರತ್ವ ಬರುವವರೆಗೆ ಈ ಚುನಾವಣೆಗಳಲ್ಲಿ ಮತದ ಹಕ್ಕಿಲ್ಲ. ಸ್ಥಳೀಯ ಚುನಾವಣೆಯಲ್ಲಿ ಸುಮಾರು 8 ಲಕ್ಷ ವಲಸಿಗರಿಗೆ ಮತ ಕೊಡಲು ಹೊರಟಿದ್ದ ನ್ಯೂಯಾರ್ಕ್ ನಗರದ ಕಾನೂನನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರ ಮಾರ್ಚ್ ತಿಂಗಳಲ್ಲಿ ಅಸಿಂಧುಗೊಳಿಸಿತು. ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮತದಾರರ ನೋಂದಣಿಯ ಅಂಕಣಕ್ಕೆ ಅರಿಯದೆ ಗುರುತು ಹಾಕಿದರೂ ಮುಂದೆ ಪೌರತ್ವಕ್ಕೆ ಕುತ್ತು ಬರಬಹುದು. ಪೌರತ್ವ ಪಡೆದವರು ಪಕ್ಷದ ನೋಂದಣಿಯನ್ನು ಮರೆಯಬಾರದು. ನ್ಯೂಯಾರ್ಕ್‌ನಲ್ಲಿ ಮೊದಲೇ ಪಕ್ಷದ ಪಟ್ಟಿಯಲ್ಲಿ ಇಲ್ಲದವರಿಗೆ ಪ್ರೈಮರಿಯ ಬಾಗಿಲು ಮುಚ್ಚಿರುತ್ತದೆ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದ ಮತದಾರರು ಅಂದೇ ಮತಗಟ್ಟೆಯಲ್ಲಿ ಪಕ್ಷ ಆರಿಸಿಕೊಳ್ಳಬಹುದು.

ಒಂದು ಮನೆಯಲ್ಲಿ ನಾಲ್ವರಿದ್ದು ಒಬ್ಬರಿಗೆ ಮಾತ್ರ ಮತವಿರುವ ಕನ್ನಡ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಆ ಒಂದು ಮತ ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಳಿಂದ ಕಾಯುತ್ತಿರುವವರ ಪಾಲಿನದೂ ಹೌದು. ಗೆಲ್ಲುವ ಕುದುರೆಯನ್ನು ಹುಡುಕುವ ಕೆಲಸಕ್ಕೆ ಪಕ್ಷಗಳೂ ಸಮೀಕ್ಷಕರೂ ಇದ್ದಾರೆ. ತನಗೆ ಏನು ಬೇಕು ಎಂಬುದನ್ನು ಮತದಾರ ತಾನೇ ಹೇಳದಿದ್ದರೆ, ಅವನ ಪರವಾಗಿ ಅದನ್ನು ಹೇಳುವವರು ಬೇರೆ ಯಾರೂ ಇಲ್ಲ.