ಕೊಬೇನ್‌ನ ಸಾವು ಬೇಕು, ಮಾತು ಬೇಡ

ಎಂ.ಎ. ಎರಡನೇ ವರ್ಷದಲ್ಲಿ ವಿಭಾಗದಿಂದ ಪ್ರವಾಸ ಹೋಗಿದ್ದೆವು. ಬಸ್ಸಿನಲ್ಲಿ ಅಂತ್ಯಾಕ್ಷರಿ ಮುಗಿದು, ಮುಂದಿನ ಸೀಟಿನ ಮೇಷ್ಟ್ರುಗಳು ನಿದ್ದೆಗೆ ಜಾರಿದ ಮೇಲೆ, ಹಿಂದಿನ ಸೀಟಿನಲ್ಲಿ ಗಿಟಾರ್ ಹೊರಗೆ ಬಂತು. ನಾಲ್ಕೇ ನಾಲ್ಕು ಕಾರ್ಡ್ ಕಲಿತಿದ್ದ ಗೆಳೆಯನೊಬ್ಬ ನಿರ್ವಾಣ ಬ್ಯಾಂಡಿನ ‘ರೇಪ್ ಮಿ’ ಹಾಡು ಶುರು ಮಾಡಿದ. ಪಲ್ಲವಿ ಬಂದಾಗಲೆಲ್ಲ ಏಳೆಂಟು ಹುಡುಗರು ಕಿರುಚಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ನಾನೂ ಕಿರುಚಿದೆ, ನಾನೂ ನಕ್ಕೆ. ನಮ್ಮ ಮುಂದಿನ ಸಾಲಿನಲ್ಲಿದ್ದ ಸಹಪಾಠಿಯೊಬ್ಬಳು ಏನೂ ಹೇಳದೆ ಎದ್ದು, ಬ್ಯಾಗು ಎತ್ತಿಕೊಂಡು, ಡ್ರೈವರ್ ಪಕ್ಕದ ಸೀಟಿಗೆ ಹೋಗಿ ಕೂತಳು. ವಾಪಸ್ ಬರುವವರೆಗೂ ಅಲ್ಲೇ ಇದ್ದಳು. ಆಗ ನಮಗೆ ಅನಿಸಿದ್ದಿಷ್ಟು: ಅವಳಿಗೆ ರಾಕ್ ಅರ್ಥವಾಗುವುದಿಲ್ಲ.

ರಾಕ್ ಅರ್ಥವಾಗದೇ ಇದ್ದದ್ದು ನಮಗೆ. ಈ ಬರಹದ ತಕರಾರೂ ಅದೇ.

ಪ್ರತಿವರ್ಷ ಏಪ್ರಿಲ್ 5 ಬಂದರೆ ನನ್ನ ಫೋನಿನಲ್ಲಿ ಕರ್ಟ್ ಕೊಬೇನ್ ತುಂಬಿಕೊಳ್ಳುತ್ತಾನೆ. ಕೆದರಿದ ಹೊಂಬಣ್ಣದ ಕೂದಲು, ನೀಲಿ ಕಣ್ಣು, ಕಪ್ಪುಬಿಳುಪಿನ ಚಿತ್ರ, ಕೆಳಗೆ ಎರಡು ಇಸವಿ: 1967, 1994. ಜೊತೆಗೆ ನಿಧಾನವಾಗಿ ಮಾಸುವುದಕ್ಕಿಂತ ಒಮ್ಮೆಲೇ ಉರಿದು ಹೋಗುವುದು ಮೇಲು ಎಂಬ ಅರ್ಥದ ಆ ಪ್ರಸಿದ್ಧ ಸಾಲು. ಅದು ಕೊಬೇನ್‌ನ ಸಾಲೇ ಅಲ್ಲ. ನೀಲ್ ಯಂಗ್ 1979ರಲ್ಲಿ ಹಾಡಿದ್ದು. ಆ ನೀಲ್ ಯಂಗ್ ಮಹಾಶಯರು ಉರಿದೂ ಹೋಗದೆ, ಮಾಸಿಯೂ ಹೋಗದೆ, ಈ ಇಳಿವಯಸ್ಸಿನಲ್ಲೂ ಹೊಸ ಆಲ್ಬಂ ತರುತ್ತಲೇ ಇದ್ದಾರೆ. ಅದನ್ನು ಯಾರೂ ಸ್ಟೇಟಸ್ ಹಾಕುವುದಿಲ್ಲ.

ಸಾವಿಗೆ ಮಾರುಕಟ್ಟೆ ಇದೆ, ಅದೇನು ಹೊಸ ವಿಷಯವಲ್ಲ. ನಿರ್ವಾಣದ ಮೊದಲ ಆಲ್ಬಂ ‘ಬ್ಲೀಚ್’ 1989ರಲ್ಲಿ ಬಂದಾಗ ಅದರ ರೆಕಾರ್ಡಿಂಗಿಗೆ ತಗುಲಿದ್ದು 606 ಡಾಲರ್ 17 ಸೆಂಟ್. 2019ರಲ್ಲಿ ಆತ ತೊಟ್ಟಿದ್ದ, ಒಗೆಯದೇ ಇಟ್ಟಿದ್ದ ಸ್ವೆಟರೊಂದು 3,34,000 ಡಾಲರಿಗೆ ಹರಾಜಾಯಿತು. ಮರುವರ್ಷ ಆತನ ಒಂದು ಗಿಟಾರಿಗೆ 60 ಲಕ್ಷ ಡಾಲರ್ ಬಂತು. ನಮ್ಮಲ್ಲಿ ಆತನ ಮುಖ ಫುಟ್‌ಪಾತಿನ ಟೀಶರ್ಟಿನ ಮೇಲೆ ಸಿಗುತ್ತದೆ, ಚೌಕಾಸಿ ಮಾಡಿದರೆ ಇನ್ನೂ ಇಳಿಯುತ್ತದೆ. ಮಾರುವವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ನನ್ನ ಜಗಳ ಕೊಳ್ಳುವವರ ಜೊತೆ, ಅಂದರೆ ನಮ್ಮ ಜೊತೆ. ಕೊಬೇನ್ ಬದುಕಿದ್ದಾಗ ತನ್ನ ಕೇಳುಗರ ಮೇಲೇ, ಅದರಲ್ಲೂ ಗಂಡು ಕೇಳುಗರ ಮೇಲೆ, ಒಂದು ದೊಡ್ಡ ಆಪಾದನೆ ಹೊರಿಸಿದ್ದ. ಆತ ಸತ್ತ ಮೇಲೆ ಆ ಕೇಳುಗರು ಸಾವನ್ನು ಇಟ್ಟುಕೊಂಡು ಆಪಾದನೆಯನ್ನು ಬಿಸಾಡಿದರು.

ಆಪಾದನೆ ಏನೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಕೊಬೇನ್ ಹುಟ್ಟಿದ್ದು ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಎಂಬ ಊರಿನಲ್ಲಿ. ಮರ ಕಡಿಯುವ ಉದ್ಯಮವನ್ನೇ ನಂಬಿದ್ದ, ಗಂಡಸುತನವೆಂದರೆ ತೋಳ್ಬಲ ಎಂದುಕೊಂಡಿದ್ದ ಊರು. ಅಲ್ಲಿಂದ ಆತ ಒಲಿಂಪಿಯಾ ಪಟ್ಟಣಕ್ಕೆ ಬಂದ. ಅಲ್ಲಿ ಟೋಬಿ ವೇಲ್, ಕ್ಯಾಥ್ಲೀನ್ ಹ್ಯಾನಾ ಮುಂತಾದ ಹುಡುಗಿಯರು ‘ಬಿಕಿನಿ ಕಿಲ್’ ಬ್ಯಾಂಡು ಕಟ್ಟಿ, ಕೈಬರಹದ ಪತ್ರಿಕೆ ಹಂಚುತ್ತ, ರಾಕ್ ಕಛೇರಿಯ ಮುಂದಿನ ಸಾಲು ಹೆಂಗಸರಿಗೆ ಬಿಡಿ ಎಂದು ಜಗಳ ತೆಗೆದಿದ್ದರು. ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಎಂಬ ಹೆಸರು ಸಿಕ್ಕಿದ್ದೇ ಹ್ಯಾನಾ ಆತನ ಕೋಣೆಯ ಗೋಡೆಯ ಮೇಲೆ ಗೀಚಿದ ಒಂದು ತಮಾಷೆಯಿಂದ. ಟೀನ್ ಸ್ಪಿರಿಟ್ ಎನ್ನುವುದು ಹುಡುಗಿಯರು ಬಳಸುವ ಒಂದು ಡಿಯೋಡರಂಟ್ ಎಂಬುದು ಆತನಿಗೆ ಆಗ ಗೊತ್ತಿರಲಿಲ್ಲವಂತೆ. ಒಂದು ಪೀಳಿಗೆಯ ಯುದ್ಧಗೀತೆ ಎಂದು ವಿಮರ್ಶಕರು ಕರೆದ ಹಾಡಿನ ಹೆಸರು ಒಬ್ಬ ಹೆಣ್ಣುಮಗಳ ಗೇಲಿ! ಆತನ ಸ್ತ್ರೀವಾದ ಆಕಾಶದಿಂದ ಉದುರಿದ್ದಲ್ಲ, ಹೀಗೆ ಹೆಂಗಸರ ಸಹವಾಸದಲ್ಲಿ ಕಲಿತದ್ದು ಎನ್ನುವುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

1991ರ ಸಂದರ್ಶನವೊಂದರಲ್ಲಿ ಆತ ಒಂದು ಸಂಗತಿ ಹೇಳುತ್ತಾನೆ. ಗೆಳತಿಯೊಬ್ಬಳು ಆತ್ಮರಕ್ಷಣೆಯ ತರಗತಿಗೆ ಹೋಗಿದ್ದಳು. ಕಿಟಕಿಯಿಂದ ಹೊರಗೆ ನೋಡಿದರೆ ಮೈದಾನದ ತುಂಬ ಫುಟ್ಬಾಲ್ ಆಡುವ ಹುಡುಗರು. ಈ ತರಗತಿಯಲ್ಲಿ ನಿಜವಾಗಿ ಕೂರಬೇಕಾದವರು ಅವರಲ್ಲವೇ ಎಂದು ಅವಳಿಗೆ ಅನಿಸಿತಂತೆ. ಕೊಬೇನ್‌ನ ವಾದವೂ ಅದೇ: ಅತ್ಯಾಚಾರದಿಂದ ತಪ್ಪಿಸಿಕೊಳ್ಳುವುದು ಹೇಗೆಂದು ಹೆಂಗಸರಿಗೆ ಕಲಿಸುತ್ತ ಕೂರಬೇಡಿ, ಅತ್ಯಾಚಾರ ಮಾಡಬಾರದೆಂದು ಗಂಡಸರಿಗೆ ಕಲಿಸಿ. ಇದನ್ನು ಹೇಳಿದಾಗ ಆತನಿಗೆ 24 ವರ್ಷ. ನಾವು ಇವತ್ತಿಗೂ ಒನಕೆ ಓಬವ್ವನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುತ್ತಿದ್ದೇವೆ. ಕಲಿಸಲಿ, ಬೇಡವೆನ್ನುವುದಿಲ್ಲ. ಅದೇ ಹೊತ್ತಿಗೆ ಮೈದಾನದಲ್ಲಿರುವ ಹುಡುಗರಿಗೆ ಏನು ಕಲಿಸುತ್ತೇವೆ?

‘ನೆವರ್‌ಮೈಂಡ್’ ಆಲ್ಬಮ್ಮಿನಲ್ಲಿ ‘ಪಾಲಿ’ ಎಂಬ ಹಾಡಿದೆ. 1987ರಲ್ಲಿ ಟಕೋಮಾ ನಗರದಲ್ಲಿ ಸಂಗೀತ ಕಛೇರಿ ಮುಗಿಸಿ ಮನೆಗೆ ಹೊರಟಿದ್ದ 14 ವರ್ಷದ ಹುಡುಗಿಯನ್ನು ಒಬ್ಬ ಅಪಹರಿಸಿ ಹಿಂಸಿಸಿದ್ದ. ಅವಳು ಉಪಾಯವಾಗಿ ತಪ್ಪಿಸಿಕೊಂಡಳು. ಕೊಬೇನ್ ಇದನ್ನು ಪತ್ರಿಕೆಯಲ್ಲಿ ಓದಿ ಹಾಡು ಬರೆದ, ಅದೂ ಆ ಅಪಹರಣಕಾರನ ದನಿಯಲ್ಲಿ. ಕಿರುಚಾಟವಿಲ್ಲ, ಡ್ರಮ್ಮಿನ ಗುಡುಗಿಲ್ಲ. ಒಂದು ಗಿಟಾರ್, ಹಿಂದೆ ತೆಳುವಾಗಿ ಬ್ಯಾಸ್, ಮಧ್ಯೆ ಮಧ್ಯೆ ತಾಳದ ಸಣ್ಣ ಸದ್ದು, ಅಷ್ಟೇ. ದುಷ್ಟನ ದನಿ ಎಷ್ಟು ಮಾಮೂಲಾಗಿದೆಯೆಂದರೆ ಕೇಳುವವನಿಗೆ ತನ್ನದೇ ದನಿ ಎನಿಸಬೇಕು, ಎನಿಸಿ ಮೈ ನಡುಗಬೇಕು. ಆದರೆ ಇಬ್ಬರು ಗಂಡಸರು ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡುತ್ತ ಈ ಹಾಡನ್ನೇ ಹಾಡಿದರು. ಸುದ್ದಿ ತಿಳಿದ ಕೊಬೇನ್ 1992ರ ಡಿಸೆಂಬರಿನಲ್ಲಿ ಬಂದ ‘ಇನ್ಸೆಸ್ಟಿಸೈಡ್’ ಆಲ್ಬಮ್ಮಿನ ಒಳಪುಟದಲ್ಲಿ ಅದನ್ನು ಬರೆದ. ಇಂಥವರೂ ನಮ್ಮ ಕೇಳುಗರು ಎಂದು ತಿಳಿದ ಮೇಲೆ ಮುಂದುವರಿಯುವುದು ಕಷ್ಟ ಎಂದ. ಸಲಿಂಗಿಗಳನ್ನು, ಬೇರೆ ಬಣ್ಣದವರನ್ನು, ಹೆಂಗಸರನ್ನು ದ್ವೇಷಿಸುವವರು ದಯವಿಟ್ಟು ನಮ್ಮ ಕಛೇರಿಗೆ ಬರಬೇಡಿ, ನಮ್ಮ ರೆಕಾರ್ಡು ಕೊಳ್ಳಬೇಡಿ ಎಂದು ನೇರವಾಗಿ ಕೇಳಿಕೊಂಡ. ಆ ವರ್ಷದ ಜನವರಿಯಲ್ಲಷ್ಟೇ ಮೈಕಲ್ ಜಾಕ್ಸನ್‌ನನ್ನು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಿಂದ ಇಳಿಸಿದ್ದವ, ಗಿರಾಕಿಗಳನ್ನು ಅಂಗಡಿಯ ಬಾಗಿಲಲ್ಲೇ ತಡೆಯುತ್ತಿದ್ದ.

‘ರೇಪ್ ಮಿ’ ಬಂದದ್ದು ಮರುವರ್ಷ, ‘ಇನ್ ಯೂಟೆರೊ’ ಆಲ್ಬಮ್ಮಿನಲ್ಲಿ. ಇದು ಅತ್ಯಾಚಾರದ ವಿರುದ್ಧದ ಹಾಡು ಎಂದು ಆತ ಮತ್ತೆ ಮತ್ತೆ ಹೇಳಿದ. ‘ಪಾಲಿ’ಯನ್ನು ತಪ್ಪಾಗಿ ಕೇಳಿದವರಿಗೂ ಅರ್ಥವಾಗಲೆಂದು ಈ ಸಲ ಆದಷ್ಟು ನೇರವಾಗಿ, ದಾಳಿಗೊಳಗಾದವಳ ದನಿಯಲ್ಲಿ, ನೀನು ನನ್ನನ್ನು ಮುಗಿಸಲಾರೆ ಎಂಬ ಧಿಕ್ಕಾರವಾಗಿ ಬರೆದದ್ದು. ವಾಲ್‌ಮಾರ್ಟ್, ಕೆಮಾರ್ಟ್ ಅಂಗಡಿಗಳು ಈ ಹೆಸರು ನೋಡಿ ಆಲ್ಬಂ ಇಡಲು ಒಪ್ಪಲಿಲ್ಲ. ಕೊನೆಗೆ ಹಿಂಬದಿಯ ಹೊದಿಕೆಯ ಮೇಲೆ ಹಾಡಿನ ಹೆಸರು ‘ವೇಫ್ ಮಿ’ ಎಂದಾಯಿತು. ಕೊಬೇನ್ ಅದಕ್ಕೆ ಒಪ್ಪಿದ್ದ. ಸಣ್ಣ ಊರಿನ ಮಕ್ಕಳಿಗೆ ರೆಕಾರ್ಡು ಸಿಗುವುದು ಅಂಥ ಅಂಗಡಿಗಳಲ್ಲೇ ಎಂಬುದು ಕಾರಣ. ಆತನೂ ರಾಜಿ ಮಾಡಿಕೊಳ್ಳುತ್ತಿದ್ದ ಎನ್ನುವುದಕ್ಕೆ ಇದನ್ನೂ ದಾಖಲಿಸುತ್ತೇನೆ. ಆತ ಸಂತನಾಗಿರಲಿಲ್ಲ. ಹಾಡುಗಳ ರಾಯಧನದಲ್ಲಿ ತನ್ನ ಪಾಲನ್ನು ಹೆಚ್ಚಿಸಿಕೊಂಡು, ಅದನ್ನು ಹಿಂದಿನ ಲೆಕ್ಕಕ್ಕೂ ಅನ್ವಯಿಸಿ, ಜೊತೆಗಾರರ ಮನಸ್ಸು ಮುರಿದಿದ್ದ. ಬ್ಯಾಂಡಿನ ಬಗ್ಗೆ ಪುಸ್ತಕ ಬರೆಯುತ್ತಿದ್ದ ಇಬ್ಬರು ಹೆಂಗಸರಿಗೆ ಫೋನಿನಲ್ಲಿ ಬೆದರಿಕೆಯ ಸಂದೇಶ ಬಿಟ್ಟಿದ್ದ. ಹೆಂಗಸರ ಪರ ಹಾಡಿದವನೇ ಹೀಗೆ ಮಾಡಿದ. ಇದನ್ನು ಮುಚ್ಚಿಟ್ಟು ನಾನು ಆತನನ್ನು ಹೊಗಳಿದರೆ ಟೀಶರ್ಟು ಮಾರುವವನಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನು ಆತನ ಹೆಂಡತಿ ಕರ್ಟ್ನಿ ಲವ್ ವಿಷಯ. ಆಕೆಯ ಬ್ಯಾಂಡ್ ‘ಹೋಲ್’ನ ಶ್ರೇಷ್ಠ ಆಲ್ಬಂ ‘ಲಿವ್ ಥ್ರೂ ದಿಸ್’ ಬಿಡುಗಡೆಯಾದದ್ದು 1994ರ ಏಪ್ರಿಲ್ 12ರಂದು, ಕೊಬೇನ್‌ನ ಶವ ಸಿಕ್ಕ ನಾಲ್ಕನೇ ದಿನ. ಒಬ್ಬ ಕಲಾವಿದೆಗೆ ಇದಕ್ಕಿಂತ ಕ್ರೂರವಾದ ಕಾಕತಾಳೀಯ ಇರಲಾರದು. ಕೊಬೇನ್‌ನ ಅಭಿಮಾನಿಗಳು ಆಕೆಗೆ ಕೊಟ್ಟ ಉಡುಗೊರೆ ಎರಡು. ಒಂದು, ಆ ಹಾಡುಗಳನ್ನು ಬರೆದವನು ಗಂಡನೇ ಎಂಬ ವದಂತಿ. ಎರಡು, ಗಂಡನನ್ನು ಕೊಲ್ಲಿಸಿದವಳೇ ಅವಳು ಎಂಬ ವದಂತಿ. ಎರಡನೆಯದರ ಮೇಲೆ ಪುಸ್ತಕಗಳು ಬಂದವು, ಸಿನಿಮಾ ಬಂತು. ಸಿಯಾಟಲ್ ಪೊಲೀಸರು ಆತ್ಮಹತ್ಯೆ ಎಂದ ಮೇಲೂ ಇವತ್ತಿಗೂ ಯೂಟ್ಯೂಬಿನಲ್ಲಿ ವಿಚಾರಣೆ ನಡೆಯುತ್ತಲೇ ಇದೆ. ನನ್ನ ಪರಿಚಯದ, ಫೂಕೋ ಓದಿಕೊಂಡ ಹುಡುಗನೊಬ್ಬ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಇದನ್ನೇ ನನಗೆ ಸಾಧಿಸಿ ತೋರಿಸಿದ. ಅವನ ಫೋನಿನಲ್ಲಿ ಆಕೆಯ ಒಂದೇ ಒಂದು ಹಾಡು ಇರಲಿಲ್ಲ. ಕಛೇರಿಗೆ ಬರಬೇಡಿ ಎಂದು ಕೊಬೇನ್ ಯಾರಿಗೆ ಹೇಳಿದ್ದನೋ ಅವರೇ ಈಗ ಆತನ ಹೆಸರಿನಲ್ಲಿ ಆತನ ಹೆಂಡತಿಯ ಮೇಲೆ ಕಲ್ಲು ಎಸೆಯುತ್ತಿದ್ದಾರೆ.

ಆಕೆ ಮಾಡಿದ್ದೇನು? ಶವ ಸಿಕ್ಕ ಎರಡು ದಿನಗಳ ನಂತರ ಸಿಯಾಟಲ್‌ನಲ್ಲಿ ಸೇರಿದ್ದ ಸಾವಿರಾರು ಹುಡುಗ ಹುಡುಗಿಯರಿಗೆ ಆಕೆಯ ಧ್ವನಿಮುದ್ರಿಕೆ ಕೇಳಿಸಿದರು. ಆತ ಬರೆದಿಟ್ಟ ಪತ್ರವನ್ನು ಓದುತ್ತ, ಸಾಲುಸಾಲಿಗೂ ನಿಲ್ಲಿಸಿ, ಅಳುತ್ತ, ಬೈಯುತ್ತ, ಅದರೊಡನೆ ವಾದ ಮಾಡಿದಳು. ಸಾವನ್ನು ಸುಂದರ ಮಾಡಲು ಬಿಡಲಿಲ್ಲ. ಅಭಿಮಾನಿಗಳೂ ಆತನ ಹಾದಿ ಹಿಡಿದಾರೆಂಬ ಭಯವಿತ್ತು. ಆದರೆ ಆ ಪ್ರದೇಶದಲ್ಲಿ ಆತ್ಮಹತ್ಯೆಗಳು ಹೆಚ್ಚಲಿಲ್ಲ, ಸಹಾಯವಾಣಿಗೆ ಬರುವ ಕರೆಗಳು ಹೆಚ್ಚಿದವು ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಾರಣಗಳು ಹಲವಿದ್ದವು. ಆ ಒರಟು ಬೈಗುಳಕ್ಕೂ ಅದರಲ್ಲಿ ಪಾಲಿದ್ದಿರಬಹುದು ಎಂದು ಸಂಶೋಧಕರೇ ಊಹಿಸಿದ್ದಾರೆ.

ಸುಂದರ ಮಾಡುವ ಕೆಲಸವನ್ನು ಮಾಡಿದ್ದು ‘27ರ ಕ್ಲಬ್’ ಎಂಬ ಕಟ್ಟುಕತೆ. ಹೆಂಡ್ರಿಕ್ಸ್, ಜಾಪ್ಲಿನ್, ಮಾರಿಸನ್, ಕೊಬೇನ್, 2011ರಲ್ಲಿ ಏಮಿ ವೈನ್‌ಹೌಸ್: ಎಲ್ಲರೂ 27ಕ್ಕೇ ಹೋದರು, ಪ್ರತಿಭೆಯ ಶಾಪ ಅದು ಎಂಬ ಪುರಾಣ. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. 27ಕ್ಕೆ ಯಾವ ವಿಶೇಷವೂ ಇಲ್ಲ. ಇರುವುದು ಇನ್ನೂ ನೀರಸವಾದ, ಇನ್ನೂ ಭಯಂಕರವಾದ ಸತ್ಯ: ಇಪ್ಪತ್ತು ಮೂವತ್ತರ ವಯಸ್ಸಿನ ಪ್ರಸಿದ್ಧ ಸಂಗೀತಗಾರರು ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ಹೆಚ್ಚು ಸಾಯುತ್ತಾರೆ. ಶಾಪವಾದರೆ ಯಾರೂ ಹೊಣೆಯಲ್ಲ. ಹೆರಾಯಿನ್, ವಾಸಿಯಾಗದ ಹೊಟ್ಟೆನೋವು, ರದ್ದಾಗದ ಪ್ರವಾಸಗಳು ಎಂದರೆ ಯಾರನ್ನಾದರೂ ಕೇಳಬೇಕಾಗುತ್ತದೆ. ಹೋದ ವರ್ಷ ನಾನು 27 ದಾಟಿದೆ. ಫೆಲೋಶಿಪ್ ಬಂದಿರಲಿಲ್ಲ, ಎರಡನೇ ಅಧ್ಯಾಯ ಮುಗಿದಿರಲಿಲ್ಲ, ರಾತ್ರಿ ನಿದ್ದೆ ಇರಲಿಲ್ಲ. ನೋವು ನನ್ನ ಪ್ರಬಂಧಕ್ಕೆ ಒಂದು ಸಾಲನ್ನೂ ಸೇರಿಸಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಪುರಾಣಕ್ಕೆ ಬೇಗ ಬಲಿಯಾಗುತ್ತೇವೆ. ಶೋಕವೇ ಶ್ಲೋಕವಾಯಿತು ಎಂದು ಮೊದಲ ವರ್ಷದಿಂದಲೇ ಉರು ಹೊಡೆಯುತ್ತೇವಲ್ಲ. ಆ ಕತೆಯನ್ನು ಇನ್ನೊಮ್ಮೆ ನೋಡಿ. ವಾಲ್ಮೀಕಿಯ ಶೋಕ ತನ್ನ ಬಗ್ಗೆ ಅಲ್ಲ, ಬಾಣ ತಗುಲಿದ ಹಕ್ಕಿಯ ಬಗ್ಗೆ, ಜೊತೆಗಾರನನ್ನು ಕಳೆದುಕೊಂಡು ಕೂಗುತ್ತಿದ್ದ ಹೆಣ್ಣುಹಕ್ಕಿಯ ಬಗ್ಗೆ. ಬಾಯಿಂದ ಬಂದ ಶ್ಲೋಕ ಅಳು ಅಲ್ಲ, ಬೇಡನಿಗೆ ಕೊಟ್ಟ ಶಾಪ. ‘ಪಾಲಿ’ ನನಗೆ ಕೇಳಿಸುವುದು ಹೀಗೆ. ವ್ಯತ್ಯಾಸವೆಂದರೆ ಇಲ್ಲಿ ಹಾಡುತ್ತಿರುವವನೇ ಬೇಡ, ಶಾಪ ಕೊಡುವ ಕೆಲಸ ಕೇಳುಗನದು. ನಾವು ಹಕ್ಕಿಯನ್ನೂ ಮರೆತೆವು, ಬೇಡನನ್ನೂ ಮರೆತೆವು, ಕವಿ ಎಷ್ಟು ಅತ್ತ ಎಂದು ಅಳೆಯುತ್ತ ಕೂತೆವು.

ನೋವಿನ ಪುರಾಣಕ್ಕೆ ಸಾಕ್ಷಿಯಾಗಿ ಎಲ್ಲರೂ ತೋರಿಸುವುದು 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ ‘ಅನ್‌ಪ್ಲಗ್ಡ್’ ಕಛೇರಿಯನ್ನು. ಲಿಲಿ ಹೂ, ಕಪ್ಪು ಮೇಣದ ಬತ್ತಿ, ಸಾವಿನ ಮುನ್ಸೂಚನೆ ಇತ್ಯಾದಿ. ಸಾವು ಗೊತ್ತಿಲ್ಲದವರಂತೆ ಒಮ್ಮೆ ನೋಡಿ. 14 ಹಾಡುಗಳಲ್ಲಿ ಆರು ಬೇರೆಯವರವು. ಹೆಚ್ಚು ಜನ ಕೇಳಿರದ ‘ಮೀಟ್ ಪಪೆಟ್ಸ್’ ಬ್ಯಾಂಡಿನವರನ್ನು ವೇದಿಕೆಗೇ ಕರೆಸಿ, ಅವರದೇ ಮೂರು ಹಾಡುಗಳನ್ನು ಅವರ ಜೊತೆ ಹಾಡುತ್ತಾನೆ. ಕೊನೆಗೆ ಹಾಡುವುದು ಜೈಲು ಕಂಡು ಬಂದ ಕಪ್ಪು ಜನಪದ ಗಾಯಕ ಲೆಡ್ ಬೆಲ್ಲಿಯಿಂದ ಕಲಿತ ಹಾಡನ್ನು. ತನ್ನ ನೋವಿನಲ್ಲೇ ಮುಳುಗಿದವನು ತನ್ನ ಹೊತ್ತಿನ ಅರ್ಧದಷ್ಟನ್ನು ಹೀಗೆ ಹಂಚುವುದಿಲ್ಲ.

ಅದಕ್ಕೂ ಒಂದು ವರ್ಷ ಮೊದಲಿನ ಇನ್ನೊಂದು ಕಛೇರಿಯ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. 1992ರ ಅಕ್ಟೋಬರ್ 30, ಬ್ಯೂನಸ್ ಐರಿಸ್, ಹತ್ತಾರು ಸಾವಿರ ಜನ ಸೇರಿದ್ದ ಕ್ರೀಡಾಂಗಣ. ಮೊದಲು ಹಾಡಲು ನಿರ್ವಾಣ ತನ್ನ ಜೊತೆ ಕರೆದುಕೊಂಡು ಹೋಗಿದ್ದು ‘ಕ್ಯಾಲಮಿಟಿ ಜೇನ್’ ಎಂಬ ಹೆಂಗಸರ ಬ್ಯಾಂಡನ್ನು. ಜನ ಅವರ ಮೇಲೆ ಮಣ್ಣುಹೆಂಟೆ, ನಾಣ್ಯ ಎಸೆದು, ಹೊಲಸು ಬೈದು, ವೇದಿಕೆಯಿಂದ ಓಡಿಸಿದರು. ನಂತರ ಬಂದ ಕೊಬೇನ್ ಸಿಟ್ಟಿನಿಂದ ಇಡೀ ಕಛೇರಿಯನ್ನು ಬೇಕೆಂದೇ ಹಾಳುಗೆಡವಿದ. ಎಲ್ಲರೂ ಕಾಯುತ್ತಿದ್ದ ‘ಟೀನ್ ಸ್ಪಿರಿಟ್’ನ ಆರಂಭದ ನುಡಿಸಾಣಿಕೆಯನ್ನು ಆಗಾಗ ಶುರು ಮಾಡುವುದು, ಕ್ರೀಡಾಂಗಣ ಹುಚ್ಚೆದ್ದು ಕೂಗಿದ ಕೂಡಲೇ ನಿಲ್ಲಿಸಿ ಬೇರೇನೋ ನುಡಿಸುವುದು. ರಾತ್ರಿ ಕಳೆದರೂ ಆ ಹಾಡನ್ನು ಅವರಿಗೆ ಹಾಡಲೇ ಇಲ್ಲ.