ಎರಡನೇ ಸಲವೂ ಕೇಳಿದ ದಾವೀದ

ದಾವೀದ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಗೊಲ್ಯಾತ, ಕವಣೆ, ಕಲ್ಲು. ನನ್ನ ತಲೆಯಲ್ಲಿ ಈಚೆಗೆ ಕೂತಿರೋದು ಬೇರೆಯೇ ಪ್ರಸಂಗ. ಬೈಬಲ್‌ನ ಪೂರ್ವಕಾಲವೃತ್ತಾಂತ ಪ್ರಥಮಭಾಗ, 14ನೇ ಅಧ್ಯಾಯ. ಬರೀ 17 ವಚನ, ಮೆಟ್ರೋದಲ್ಲಿ ಎರಡು ಸ್ಟೇಷನ್ ದಾಟೋಷ್ಟರಲ್ಲಿ ಓದಿ ಮುಗಿಸಬಹುದು.

ದಾವೀದ ಪಟ್ಟಕ್ಕೆ ಬಂದಾಗ ಅವನಿಗೆ 30 ವರ್ಷ. ಹೆಚ್ಚುಕಡಿಮೆ ನನ್ನ ವಯಸ್ಸೇ. ಏಳೂವರೆ ವರ್ಷ ಹೆಬ್ರೋನಿನಲ್ಲಿದ್ದು ಯೆಹೂದ ಕುಲವನ್ನಷ್ಟೇ ಆಳಿದ. ಆಮೇಲೆ ಇಡೀ ಇಸ್ರಾಯೇಲಿಗೆ ರಾಜನಾಗಿ ಯೆರೂಸಲೇಮಿಗೆ ಬಂದ. ಅರಮನೆ ಕಟ್ಟಿಕೊಳ್ಳಲಿ ಅಂತ ತೂರಿನ ಅರಸ ಹೀರಾಮ ದೇವದಾರು ಮರ, ಕಲ್ಲುಕುಟಿಕರು, ಬಡಗಿಗಳನ್ನು ಕಳಿಸಿದ. ಹೆಸರು ಬೆಳೀತಿತ್ತು. ಸುದ್ದಿ ಫಿಲಿಷ್ಟಿಯರ ಕಿವಿಗೂ ಬಿತ್ತು, ಅವರು ರೆಫಾಯೀಮ್ ಕಣಿವೆಗೆ ನುಗ್ಗಿದರು.

ದಾವೀದ ದೇವರನ್ನು ಕೇಳಿದ: ಹೋಗಲಾ, ಬೇಡವಾ? ಹೋಗು ಅಂತ ಉತ್ತರ ಬಂತು. ಹೋದ, ಗೆದ್ದ.

ಸ್ವಲ್ಪ ದಿನಕ್ಕೆ ಅವರು ಮತ್ತೆ ಬಂದರು. ಅದೇ ಶತ್ರು, ಅದೇ ಕಣಿವೆ. ನಾನಾಗಿದ್ದರೆ ಹೋದ ಸಲದ ಪ್ಲಾನನ್ನೇ ಕಾಪಿ ಪೇಸ್ಟ್ ಮಾಡ್ತಿದ್ದೆ. ಹಾಗೆ ಮಾಡಿಯೂ ಇದ್ದೀನಿ. ಒಂದು ಸಲ ಸರ್ವರ್ ಸಮಸ್ಯೆ ಬಗೆಹರಿಸಿ ಇಡೀ ಟೀಮಿನಿಂದ ಹೊಗಳಿಸಿಕೊಂಡೆ. ಮೂರು ತಿಂಗಳ ಮೇಲೆ ಅದೇ ಎರರ್ ಬಂದಾಗ ಯಾರನ್ನೂ ಕೇಳದೆ ಅದೇ ಪರಿಹಾರ ಹಾಕಿದೆ. ಕಾರಣ ಬೇರೆಯೇ ಇತ್ತು. ಬೆಳಗಿನ ಜಾವ ನಾಲ್ಕರ ತನಕ ಆರು ಜನ ನನ್ನಿಂದಾಗಿ ನಿದ್ದೆಗೆಟ್ಟರು. ನನಗೆ ಗೊತ್ತಿಲ್ಲದೆ ಕೇಳಲಿಲ್ಲ ಅಂತಲ್ಲ, ಕೇಳಿದರೆ ಮರ್ಯಾದೆ ಕಮ್ಮಿಯಾಗತ್ತೆ ಅನ್ನಿಸಿತ್ತು.

ದಾವೀದ ಎರಡನೇ ಸಲವೂ ಕೇಳಿದ. ಈ ಸಲ ಉತ್ತರವೇ ಬೇರೆ: ನೇರವಾಗಿ ಹೋಗಬೇಡ, ಸುತ್ತು ಹಾಕಿಕೊಂಡು ಹೋಗಿ ಮರಗಳ ಹತ್ತಿರ ಕಾಯಿ, ಮರದ ತುದಿಗಳಲ್ಲಿ ಹೆಜ್ಜೆ ಸಪ್ಪಳ ಕೇಳಿಸಿದ ಮೇಲೆ ಹೊರಡು. (ಅದು ಯಾವ ಮರ ಅಂತ ಅನುವಾದಗಳು ಒಂದೊಂದು ಹೇಳ್ತವೆ.) ಗೆದ್ದ ಸೇನಾಪತಿಯೊಬ್ಬ ಸೈನ್ಯ ನಿಲ್ಲಿಸಿಕೊಂಡು ಎಲೆಗಳ ಸದ್ದಿಗೆ ಕಿವಿಗೊಟ್ಟು ಕಾಯೋದು ಸಣ್ಣ ಮಾತಲ್ಲ. ಅವನ ಕೀರ್ತಿ ಎಲ್ಲ ದೇಶಗಳಿಗೂ ಹಬ್ಬಿತು ಅನ್ನೋ ಮಾತು ಬರೋದು ಇದಾದ ಮೇಲೆ, ಅಧ್ಯಾಯದ ಕಟ್ಟಕಡೆಗೆ.

ಹಾಗಂತ ಅವನು ಯಾವಾಗಲೂ ಕೇಳ್ತಿದ್ದ ಅಂತಲ್ಲ. ಹಿಂದಿನ ಅಧ್ಯಾಯದಲ್ಲೇ ದೇವರ ಮಂಜೂಷವನ್ನು ಬಂಡಿ ಮೇಲೆ ಹೇರಿ ತರಿಸಿದ, ಉಜ್ಜ ಅನ್ನೋನ ಜೀವ ಹೋಯಿತು. ವಿಧಿ ಏನು ಅಂತ ದೇವರನ್ನು ವಿಚಾರಿಸಲಿಲ್ಲ ಅಂತ ದಾವೀದನೇ ಆಮೇಲೆ ಒಪ್ಪಿಕೊಂಡ.

ಸಮುವೇಲನ ದ್ವಿತೀಯಭಾಗದ 11ನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಅವನು ಯುದ್ಧಕ್ಕೂ ಹೋಗ್ತಿಲ್ಲ, ಯೋವಾಬನನ್ನು ಕಳಿಸಿ ಮನೆಯಲ್ಲಿದ್ದಾನೆ. ಸಂಜೆ ಮಾಳಿಗೆ ಮೇಲೆ ಅಡ್ಡಾಡುವಾಗ ಸ್ನಾನ ಮಾಡ್ತಿದ್ದ ಬತ್ಷೆಬೆ ಕಣ್ಣಿಗೆ ಬಿದ್ದಳು. ಆಗಲೂ ಅವನು ಒಂದು ಪ್ರಶ್ನೆ ಕೇಳಿದ. ಅವಳು ಯಾರು ಅಂತ, ಆಳುಗಳನ್ನು.